ಹಾವಿನ ವಿಷ, ಹುಳಿ ಹಾಲು, ಬಿಪಿ ಮಾತ್ರೆ

ತಿಪಟೂರಿನಲ್ಲಿ ನಮ್ಮದೊಂದು ಹಳೆಯ ಮೆಡಿಕಲ್ ಶಾಪ್. ಈಗ ಗಲ್ಲಾದಲ್ಲಿ ಮಗ ಕೂರುತ್ತಾನೆ. ನಾನು ಸಂಜೆ ಹೊತ್ತು ಹೋಗಿ ಸ್ಟೂಲ್ ಎಳೆದುಕೊಂಡು ಬಂದವರ ಜೊತೆ ಮಾತಾಡುತ್ತೇನೆ. ಬಿಪಿ ಮಾತ್ರೆಗೆ ಬರುವವರು ಇತ್ತೀಚೆಗೆ ಒಂದೇ ಮಾತು ಕೇಳುತ್ತಾರೆ: “ಅಣ್ಣ, ದಿನಾ ಮಜ್ಜಿಗೆ ಕುಡುದ್ರೆ ಬಿಪಿ ಇಳೀತದಂತೆ, ಮೊಬೈಲಲ್ಲಿ ಬಂದೈತೆ. ಮಾತ್ರೆ ನಿಲ್ಲಿಸ್ಲಾ?”

“ನಿಲ್ಲಿಸಬೇಡಮ್ಮ” ಅನ್ನುವುದಕ್ಕೆ ಡಿ.ಫಾರ್ಮ ಓದಿರಬೇಕಿಲ್ಲ. ಆದರೆ ಆ ಮೊಬೈಲ್ ಸುದ್ದಿ ಪೂರ್ತಿ ಗಾಳಿಮಾತೂ ಆಗಿರಲಿಲ್ಲ. ಅದರ ಹಿಂದೆ ನೂರು ವರ್ಷ ಮೀರಿದ ಚರಿತ್ರೆ ಇದೆ. ಅದರಲ್ಲಿ ಮಂಗೋಲಿಯದ ಹುಲ್ಲುಗಾವಲು ಬರುತ್ತದೆ, ಜಪಾನಿನ ಒಂದು ಬೌದ್ಧ ದೇವಸ್ಥಾನದಲ್ಲಿ ಹುಟ್ಟಿದ ಹುಡುಗ ಬರುತ್ತಾನೆ, ಬ್ರೆಜಿಲಿನ ಒಂದು ವಿಷದ ಹಾವು ಬರುತ್ತದೆ. ಕೊನೆಗೆ ನಮ್ಮ ಕಪಾಟಿನಲ್ಲಿ ಬಹಳ ಕಾಲ ಇದ್ದ ಒಂದು ಮಾತ್ರೆಯೂ ಬರುತ್ತದೆ. ಸ್ಟ್ರಿಪ್ ಹರಿದರೆ ಗಂಧಕದ ವಾಸನೆ ಹೊಡೆಯುತ್ತಿದ್ದ ಮಾತ್ರೆ ಅದು. “ಇದು ಕೆಟ್ಟೋಗೈತೆ, ಬೇರೆ ಕೊಡು” ಎಂದು ಗಿರಾಕಿಗಳು ವಾಪಸು ತರುತ್ತಿದ್ದರು. ಕೆಟ್ಟಿರುತ್ತಿರಲಿಲ್ಲ, ಅದರ ವಾಸನೆಯೇ ಹಾಗೆ. ಯಾಕೆ ಹಾಗೆ ಎಂಬುದನ್ನು ಮುಂದೆ ಹೇಳುತ್ತೇನೆ.

ಹಾಲನ್ನು ಹುಳಿ ಮಾಡಿ ಕುಡಿಯುವುದು ಯಾವ ಒಂದು ನಾಡಿನ ಸ್ವತ್ತೂ ಅಲ್ಲ. ಆದರೆ ಮಂಗೋಲಿಯದ ಜನ ಅದನ್ನೇ ಊಟವಾಗಿ ಬಾಳಿದವರು. ಬೇಸಿಗೆಯಲ್ಲಿ ಕುದುರೆಯ ಹಾಲನ್ನು ತೊಗಲಿನ ಚೀಲಕ್ಕೆ ಸುರಿದು, ಗುಡಾರದ ಬಾಗಿಲ ಬಳಿ ತೂಗುಹಾಕಿ, ಹೋಗುವವರು ಬರುವವರೆಲ್ಲ ಕೋಲು ಹಿಡಿದು ನಾಲ್ಕು ಸಲ ಕಡೆಯುತ್ತಾರೆ. ಹಾಗೆ ಆಗುವ ಪಾನೀಯಕ್ಕೆ ಅವರು ಐರಾಗ್ ಅನ್ನುತ್ತಾರೆ, ರಷ್ಯನ್ನರು ಕುಮಿಸ್ ಅನ್ನುತ್ತಾರೆ. 1253ರಲ್ಲಿ ಮೋಂಗ್ಕೆ ಖಾನನ ಆಸ್ಥಾನಕ್ಕೆ ಹೊರಟ ವಿಲಿಯಂ ಆಫ್ ರುಬ್ರುಕ್ ಎಂಬ ಕ್ರೈಸ್ತ ಸನ್ಯಾಸಿ ಇದನ್ನು ಕುಡಿದು ನೋಡಿ, ಚೀಲ ಬಡಿಯುವ ಕ್ರಮದಿಂದ ಹಿಡಿದು ನಾಲಿಗೆ ಚುರುಗುಟ್ಟುವ ರುಚಿಯವರೆಗೆ ಬರೆದಿಟ್ಟಿದ್ದಾನೆ. ಈ ಹಾಲು ಔಷಧಿಯಾಗಿ ಪಟ್ಟಣ ಸೇರಿದ್ದು 19ನೇ ಶತಮಾನದಲ್ಲಿ. 1858ರಲ್ಲಿ ನೆಸ್ಟರ್ ಪೋಸ್ಟ್‌ನಿಕೋವ್ ಎಂಬ ವೈದ್ಯ ರಷ್ಯದ ಸಮಾರಾದಲ್ಲಿ ಕುಮಿಸ್ ಕುಡಿಸುವ ಆಸ್ಪತ್ರೆಯನ್ನೇ ತೆರೆದ. ಲಿಯೊ ಟಾಲ್‌ಸ್ಟಾಯ್ 1862ರಲ್ಲಿ ಕುಮಿಸ್ ಕುಡಿಯಲೆಂದೇ ಆ ಸೀಮೆಗೆ ಹೋದರು. ಕ್ಷಯವಿದ್ದ ಚೆಕಾಫ್ 1901ರಲ್ಲಿ ಮದುವೆಯಾದ ಕೂಡಲೇ ಹೆಂಡತಿಯನ್ನು ಕರೆದುಕೊಂಡು ಇಂಥದೇ ಒಂದು ಜಾಗಕ್ಕೆ ಹೋದರು. ಕ್ಷಯ ವಾಸಿಯಾಗಲಿಲ್ಲ. ಮೂರು ವರ್ಷಕ್ಕೆ ತೀರಿಕೊಂಡರು. ಹುಳಿ ಹಾಲಿನ ಬಗ್ಗೆ ಆಸೆ ಹುಟ್ಟಿಸುವುದೂ ಆಸೆ ಮೀರಿ ಹೇಳುವುದೂ ಇಂದಿನ ಮೊಬೈಲಿನಿಂದ ಶುರುವಾದದ್ದಲ್ಲ ಎಂದು ತೋರಿಸಲಿಕ್ಕೆ ಇಷ್ಟು ಹೇಳಿದೆ.

ಇನ್ನು ಆ ದೇವಸ್ಥಾನದ ಹುಡುಗ. ಹೆಸರು ಮಿಶಿಮಾ ಕೈಉನ್. 1878ರಲ್ಲಿ ಒಸಾಕಾ ಸೀಮೆಯಲ್ಲಿ, ಬೌದ್ಧ ದೇವಸ್ಥಾನವೊಂದನ್ನು ನೋಡಿಕೊಳ್ಳುತ್ತಿದ್ದ ಮನೆತನದಲ್ಲಿ ಹುಟ್ಟಿದವನು. ಓದಿದ್ದೂ ಬೌದ್ಧ ವಿದ್ಯಾಲಯದಲ್ಲೇ. ಇಪ್ಪತ್ತರ ಹರೆಯದಲ್ಲಿ ಚೀನಾಕ್ಕೆ ಹೋಗಿ ಮೊದಲು ಜಪಾನಿ ಭಾಷೆ ಕಲಿಸಿದ, ಆಮೇಲೆ ವ್ಯಾಪಾರಕ್ಕಿಳಿದ. 1908ರಲ್ಲಿ ವ್ಯಾಪಾರದ ಕೆಲಸದ ಮೇಲೆ ಒಳ ಮಂಗೋಲಿಯಕ್ಕೆ ಹೋದಾಗ ದೂರದ ಪ್ರಯಾಣದ ದಣಿವಿಗೆ ಹೊಟ್ಟೆ ಕೆಟ್ಟು ಮೈ ಸೋತಿತ್ತು. ಅಲ್ಲಿನವರ ಮನೆಗಳಲ್ಲಿ ದೊಡ್ಡ ಮಡಕೆಗಳಲ್ಲಿ ಹುಳಿ ಬರಿಸಿಟ್ಟಿದ್ದ ಹಾಲನ್ನು ದಿನಾ ಕುಡಿದು ಚೇತರಿಸಿಕೊಂಡನಂತೆ. ಅದೇ ವರ್ಷ ನೊಬೆಲ್ ಪಡೆದ ಇಲ್ಯಾ ಮೆಚ್ನಿಕಾಫ್ ಪ್ಯಾರಿಸಿನಲ್ಲಿ ಕೂತು, ಬಲ್ಗೇರಿಯದ ರೈತರು ದೀರ್ಘಾಯುಷಿಗಳಾಗಲು ಹುಳಿ ಹಾಲೇ ಕಾರಣವೆಂದು ವಾದಿಸುತ್ತಿದ್ದರು. ಒಬ್ಬರು ವಿಜ್ಞಾನದ ಕಡೆಯಿಂದ, ಇನ್ನೊಬ್ಬರು ಕೆಟ್ಟ ಹೊಟ್ಟೆಯ ಕಡೆಯಿಂದ ಒಂದೇ ಮಡಕೆಯ ಹತ್ತಿರ ಬಂದು ನಿಂತಿದ್ದರು.

ಚೀನಾದಲ್ಲಿ ಚಕ್ರವರ್ತಿಯ ಆಳ್ವಿಕೆ ಬಿದ್ದಮೇಲೆ ಮಿಶಿಮಾನ ವ್ಯಾಪಾರವೂ ನೆಲಕಚ್ಚಿತು. 1915ರಲ್ಲಿ ಬರಿಗೈಯಲ್ಲಿ ಊರಿಗೆ ಬಂದ. ಹುಳಿ ಬರಿಸಿದ ಕೆನೆಯನ್ನು ಮಾರಲು ನೋಡಿದ. ಗಿರಾಕಿಗಳು ಬಂದರು, ಆದರೆ ಅಷ್ಟು ಕೆನೆಗೆ ಬೇಕಾದ ಹಾಲು ಜಪಾನಿನಲ್ಲಿ ಎಲ್ಲಿತ್ತು? ಹಾಲಿನ ಸೂಕ್ಷ್ಮಜೀವಿ ಸೇರಿಸಿದ ಕ್ಯಾರಮೆಲ್ ಮಿಠಾಯಿ ಮಾಡಿದ. ಬೇಸಿಗೆ ಬಂತು, ಮಿಠಾಯಿ ಕರಗಿ ಅಂಟಾಯಿತು. ಕೆನೆ ತೆಗೆದು ಉಳಿದ ಹಾಲು ಮಾತ್ರ ರಾಶಿ ಬೀಳುತ್ತಿತ್ತು. ಅದನ್ನು ಹುಳಿ ಬರಿಸಿ, ಸಕ್ಕರೆ ಹಾಕಿ ಒಂದೆರಡು ದಿನ ಬಿಟ್ಟು ನೋಡಿದರೆ ರುಚಿ ಬೇರೆಯೇ ಆಗಿತ್ತು. ನಮ್ಮಲ್ಲಿ ಬೆಣ್ಣೆ ತೆಗೆದ ಮೇಲೆ ಮಜ್ಜಿಗೆಯನ್ನು ಕೇಳಿದವರಿಗೆಲ್ಲ ಸುಮ್ಮನೆ ಹೊಯ್ದು ಕಳಿಸುವ ಕಾಲವಿತ್ತು. ಜಪಾನಿನ ಈ ಮನುಷ್ಯ ಅಂಥ ಬಿಟ್ಟಿ ವಸ್ತುವಿನಿಂದ ದೇಶದ ದೊಡ್ಡ ಉದ್ಯಮವೊಂದನ್ನು ಕಟ್ಟಿದ.

1919ರ ಜುಲೈ 7ರಂದು, ಜಪಾನಿಗಳ ನಕ್ಷತ್ರ ಹಬ್ಬದ ದಿನ, ‘ಕ್ಯಾಲ್ಪಿಸ್’ ಮಾರುಕಟ್ಟೆಗೆ ಬಂತು. ಹೆಸರಿನ ಮೊದಲ ಭಾಗ ಕ್ಯಾಲ್ಸಿಯಂನಿಂದ. ಉಳಿದರ್ಧ ಬಂದದ್ದು ಬೌದ್ಧ ಗ್ರಂಥಗಳ ಸಂಸ್ಕೃತದಿಂದ. ಹಾಲು ಐದು ಹಂತಗಳಲ್ಲಿ ಸಾರವಾಗುತ್ತಾ ಹೋಗುವುದನ್ನು ಆ ಗ್ರಂಥಗಳು ಬೋಧನೆಯ ಹಂತಗಳಿಗೆ ಹೋಲಿಸುತ್ತವೆ. ಅದರಲ್ಲಿ ತುಪ್ಪದ ಹಂತಕ್ಕೆ ಸರ್ಪಿಸ್ ಎಂಬ ಹೆಸರಿದೆ. ವತಾನಬೆ ಕೈಕ್ಯೊಕು ಎಂಬ ಸಂಸ್ಕೃತ ಬಲ್ಲ ಬೌದ್ಧ ವಿದ್ವಾಂಸರನ್ನೂ, ಯಾವ ಉಚ್ಚಾರ ಕಿವಿಗೆ ಹಿತ ಎಂದು ಹೇಳಲಿಕ್ಕೆ ಯಮಾದಾ ಕೊಸಾಕು ಎಂಬ ಸಂಗೀತಗಾರರನ್ನೂ ಕೇಳಿ ಹೆಸರಿಟ್ಟನಂತೆ. ಹೆಸರಿಗೇ ಇಷ್ಟು ತಲೆ ಕೆಡಿಸಿಕೊಂಡವನು ಮಾರುವುದರಲ್ಲಿ ಹಿಂದೆ ಬೀಳುವನೇ? ಬಾಟಲಿಗೆ ಆಕಾಶಗಂಗೆಯ ನೆನಪಿನ ಚುಕ್ಕೆ ಕಾಗದ, “ಮೊದಲ ಪ್ರೀತಿಯ ರುಚಿ” ಎಂಬ ಜಾಹೀರಾತು. 1923ರ ಸೆಪ್ಟೆಂಬರಿನಲ್ಲಿ ಟೋಕಿಯೊ ಭೂಕಂಪಕ್ಕೆ ಸಿಕ್ಕಿ ಸುಟ್ಟುಹೋದಾಗ ಜನ ಕುಡಿಯುವ ನೀರಿಗೆ ಬಾಯಿಬಿಡುತ್ತಿದ್ದರು. ಮಿಶಿಮಾ ಇದ್ದ ದುಡ್ಡು ಹಾಕಿ ಲಾರಿ ಗೊತ್ತುಮಾಡಿ, ಐಸು ಹಾಕಿದ ಕ್ಯಾಲ್ಪಿಸ್ ನೀರನ್ನು ಬೀದಿ ಬೀದಿಯಲ್ಲಿ ಪುಕ್ಕಟೆ ಹಂಚಿದ. ಹಾಗೆ ಹಂಚಿದ್ದು ಜನರ ಮನಸ್ಸಿನಲ್ಲಿ ಉಳಿಯಿತು. ಆತ ಬದುಕಿದ್ದೂ ಬಹಳ ಕಾಲ, ಸತ್ತಾಗ 96 ವರ್ಷ. ಮೆಚ್ನಿಕಾಫ್ ಇದ್ದಿದ್ದರೆ ಇದನ್ನೇ ಸಾಕ್ಷಿ ಎನ್ನುತ್ತಿದ್ದರು. ಆದರೆ ಒಬ್ಬನ ಆಯುಸ್ಸು ಸಾಕ್ಷಿಯಾಗುವುದಿಲ್ಲ. ಹಾಲನ್ನು ಅಷ್ಟು ಹೊಗಳಿದ ಮೆಚ್ನಿಕಾಫ್ ತಾವೇ 71ಕ್ಕೆ ಹೋದರು.

ಇಷ್ಟರವರೆಗೂ ಬಿಪಿಯ ಮಾತೇ ಇಲ್ಲ, ಗಮನಿಸಿ. ಕ್ಯಾಲ್ಪಿಸ್ ಹೊಟ್ಟೆಗೆ ಒಳ್ಳೆಯದು, ಎಲುಬಿಗೆ ಒಳ್ಳೆಯದು ಎಂದೇ ಮಾರಾಟವಾಗುತ್ತಿತ್ತು. ಬಿಪಿ ಬಂದದ್ದು ಜಪಾನಿನ ಬೇರೊಂದು ಸಂಕಟದಿಂದ.

1951ರಿಂದ 1980ರವರೆಗೆ ಜಪಾನಿಗಳ ಸಾವಿಗೆ ಮೊದಲ ಕಾರಣ ಪಾರ್ಶ್ವವಾಯು. ಅದರಲ್ಲೂ ಉತ್ತರದ ಅಕಿತಾ ಸೀಮೆಯಲ್ಲಿ ಇನ್ನೂ ದುಡಿಯುವ ವಯಸ್ಸಿನವರೇ ಮೆದುಳಿನ ರಕ್ತನಾಳ ಒಡೆದು ಬಿದ್ದುಹೋಗುತ್ತಿದ್ದರು. ಕಾರಣ ಹುಡುಕಿದಾಗ ಕಣ್ಣಿಗೆ ಬಿದ್ದದ್ದು ಅಡುಗೆಮನೆ. ಉದ್ದನೆಯ ಹಿಮಗಾಲ, ಹಸಿ ತರಕಾರಿ ಇಲ್ಲ. ಮೂಲಂಗಿ, ಎಲೆಕೋಸು ಎಲ್ಲವನ್ನೂ ಉಪ್ಪಿನಲ್ಲಿ ಹುದುಗಿಸಿ ಪೀಪಾಯಿಗೆ ತುಂಬಿಡುವುದು. ಹೊತ್ತು ಹೊತ್ತಿಗೂ ಮಿಸೊ ಸಾರು. ಮಿಸೊ ಎಂದರೆ ಸೋಯಾಬೀನನ್ನು ಉಪ್ಪು ಬೆರೆಸಿ ಹುದುಗಿಸಿದ ಹಿಟ್ಟು. ಅಮೆರಿಕದ ಲೂಯಿಸ್ ಡಾಲ್ ಎಂಬ ವೈದ್ಯ 1960ರಲ್ಲಿ ಬೇರೆ ಬೇರೆ ಜನಾಂಗಗಳ ಉಪ್ಪನ್ನೂ ಬಿಪಿಯನ್ನೂ ಪಕ್ಕಪಕ್ಕ ಇಟ್ಟು ತೋರಿಸಿದಾಗ ಅಕಿತಾ ಎಲ್ಲರಿಗಿಂತ ಮೇಲಿತ್ತು. ಒಬ್ಬೊಬ್ಬರಿಗೆ ದಿನಕ್ಕೆ 25 ಗ್ರಾಮಿಗೂ ಹೆಚ್ಚು ಉಪ್ಪು. ಇವತ್ತು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 5 ಗ್ರಾಂ.

ಸೂಕ್ಷ್ಮಜೀವಿ ಇದ್ದರೆ ಸಾಕು, ತಿಂದದ್ದೆಲ್ಲ ಅಮೃತ ಎನ್ನುವವರು ಅಕಿತಾವನ್ನು ನೆನಪಿಟ್ಟುಕೊಳ್ಳಬೇಕು. ಅಲ್ಲಿನವರಷ್ಟು ಹುದುಗಿಸಿದ ಆಹಾರ ತಿಂದವರು ಕಡಿಮೆ, ಅವರಷ್ಟು ಬಿಪಿ ಏರಿಸಿಕೊಂಡವರೂ ಕಡಿಮೆ. ಸೂಕ್ಷ್ಮಜೀವಿ ತನ್ನ ಕೆಲಸ ಮಾಡಿತ್ತು. ಉಪ್ಪೂ ತನ್ನ ಕೆಲಸ ಮಾಡಿತ್ತು.

ಇಂಥ ದೇಶದಲ್ಲಿ ಬಿಪಿ ಸಂಶೋಧನೆಗೆ ಮಹತ್ವ ಬಂದದ್ದು ಸಹಜ. 1963ರಲ್ಲಿ ಕ್ಯೋಟೊ ವಿಶ್ವವಿದ್ಯಾಲಯದ ಒಕಾಮೊಟೊ ಮತ್ತು ಆಓಕಿ ಹುಟ್ಟಿನಿಂದಲೇ ಬಿಪಿ ಏರುವ ಇಲಿಗಳ ತಳಿಯನ್ನು ಬೆಳೆಸಿದರು. ಇಂದಿಗೂ ಜಗತ್ತಿನ ಬಿಪಿ ಔಷಧಿಗಳ ಪರೀಕ್ಷೆಗೆ ಆ ತಳಿಯ ಇಲಿಗಳು ಬೇಕು. ಕ್ಯಾಲ್ಪಿಸ್ ಕಂಪನಿಯ ಪ್ರಯೋಗಾಲಯದಲ್ಲಿ ನಕಮುರಾ, ಯಮಮೊಟೊ, ತಕಾನೊ ಮತ್ತವರ ಜೊತೆಯವರು ಈ ಇಲಿಗಳಿಗೆ ಕ್ಯಾಲ್ಪಿಸ್‌ನ ಹುಳಿ ಹಾಲನ್ನು ಕುಡಿಸಿ ನೋಡಿದರು. ಆರರಿಂದ ಎಂಟು ತಾಸಿಗೆ ಬಿಪಿ ಇಳಿದಿತ್ತು. ಬಿಪಿ ಇಲ್ಲದ ಇಲಿಗಳಿಗೆ ಕುಡಿಸಿದರೆ ಏನೂ ಆಗಲಿಲ್ಲ. ಹಾಲಿನಲ್ಲಿ ಯಾವುದು ಈ ಕೆಲಸ ಮಾಡಿತೆಂದು ಸೋಸುತ್ತ, ಬೇರ್ಪಡಿಸುತ್ತ ಹೋಗಿ 1995ರಲ್ಲಿ ಎರಡು ಪುಟ್ಟ ತುಣುಕುಗಳನ್ನು ಹೆಸರಿಸಿದರು. ಎರಡೂ ಹಾಲಿನ ಕೇಸಿನ್ ಎಂಬ ಪ್ರೋಟೀನು ಮುರಿದು ಬಂದವು, ಎರಡರಲ್ಲೂ ಮೂರು ಮೂರೇ ಅಮೈನೊ ಆಮ್ಲ. ಒಂದು ವ್ಯಾಲಿನ್-ಪ್ರೋಲಿನ್-ಪ್ರೋಲಿನ್, ಇನ್ನೊಂದು ಐಸೊಲ್ಯೂಸಿನ್-ಪ್ರೋಲಿನ್-ಪ್ರೋಲಿನ್. ಚುಟುಕಾಗಿ ವಿಪಿಪಿ, ಐಪಿಪಿ.

ಇವನ್ನು ಕತ್ತರಿಸಿಕೊಟ್ಟದ್ದು ಲ್ಯಾಕ್ಟೊಬ್ಯಾಸಿಲಸ್ ಹೆಲ್ವೆಟಿಕಸ್ ಎಂಬ ಸೂಕ್ಷ್ಮಜೀವಿ. ಸ್ವಿಟ್ಜರ್ಲೆಂಡಿನ ಗಿಣ್ಣಿನಲ್ಲಿ ಸಿಕ್ಕಿದ್ದರಿಂದ ಆ ದೇಶದ ಹಳೆಯ ಹೆಸರು ಅದಕ್ಕೆ ಅಂಟಿತು. ಡೆನ್ಮಾರ್ಕಿನ ಓರ್ಲಾ-ಯೆನ್ಸನ್ ಅದನ್ನು ವಿವರಿಸಿ ಹೆಸರು ಕೊಟ್ಟದ್ದು 1919ರಲ್ಲಿ, ಕ್ಯಾಲ್ಪಿಸ್ ಅಂಗಡಿಗೆ ಬಂದ ವರ್ಷವೇ. ಮಂಗೋಲಿಯದ ಐರಾಗ್‌ನಲ್ಲೂ ಹೆಚ್ಚಾಗಿ ಕಾಣುವುದು ಇದೇ. ಕೇಸಿನ್ನನ್ನು ಕೊಚ್ಚುವುದರಲ್ಲಿ ಇದು ತನ್ನ ಬಳಗದ ಬೇರೆಯವರಿಗಿಂತ ಗಟ್ಟಿ. ಮೈಮೇಲಿನ ಕಿಣ್ವದಿಂದ ಉದ್ದದ ಪ್ರೋಟೀನನ್ನು ತುಂಡು ಮಾಡುತ್ತದೆ, ತುಂಡುಗಳನ್ನು ಒಳಗೆಳೆದುಕೊಂಡು ಮತ್ತೆ ಸಣ್ಣದಾಗಿ ಕತ್ತರಿಸುತ್ತದೆ. ಆದರೆ ಪ್ರೋಲಿನ್ ಇದ್ದ ಕಡೆ ಕತ್ತಿ ಓಡುವುದಿಲ್ಲ. ಕಬ್ಬು ಜಗಿಯುವಾಗ ಗಿಣ್ಣಿನ ಹತ್ತಿರ ಹಲ್ಲು ಸೋಲುತ್ತದಲ್ಲ, ಹಾಗೆ. ಎರಡು ಪ್ರೋಲಿನ್ ಜೊತೆಯಾಗಿದ್ದರಂತೂ ಸೂಕ್ಷ್ಮಜೀವಿಯೂ ಸೋಲುತ್ತದೆ, ಕುಡಿದವನ ಹೊಟ್ಟೆಯ ಕಿಣ್ವಗಳೂ ಸೋಲುತ್ತವೆ. ಜೀರ್ಣವಾಗಿ ಮಾಯವಾಗಬೇಕಿದ್ದ ಈ ತುಣುಕುಗಳು ಉಳಿದುಕೊಂಡದ್ದು ಹೀಗೆ.

ಇಲ್ಲಿ ಇನ್ನೊಂದು ಮಾತು. ಈ ತುಣುಕು ಒಮ್ಮೆ ಹಾಲಿನಲ್ಲಿ ಬಂದಮೇಲೆ ಸೂಕ್ಷ್ಮಜೀವಿ ಬದುಕಿರಬೇಕೆಂದಿಲ್ಲ. ಕ್ಯಾಲ್ಪಿಸ್ ಅನ್ನು ಕಾಯಿಸಿ, ಜೀವಿಗಳನ್ನು ಕೊಂದೇ ಬಾಟಲಿಗೆ ತುಂಬುತ್ತಾರೆ. ಡಬ್ಬಿಯ ಮೇಲೆ “ಇಷ್ಟು ಕೋಟಿ ಜೀವಂತ ಬ್ಯಾಕ್ಟೀರಿಯ” ಎಂದು ದೊಡ್ಡದಾಗಿ ಅಚ್ಚು ಹಾಕಿಸುವವರು ಈ ಸಂಗತಿಯನ್ನು ಹೇಳುವುದಿಲ್ಲ.

ಐಪಿಪಿ ಬಿಪಿಯನ್ನು ಹೇಗೆ ಇಳಿಸುತ್ತದೆ? ಹಾವಿನ ಕಥೆ ಬರುವುದು ಇಲ್ಲಿ.

ಬ್ರೆಜಿಲಿನಲ್ಲಿ ಜರರಾಕ ಎಂಬ ಹಾವಿದೆ. ನಮ್ಮ ಕೊಳಕುಮಂಡಲದ ದೂರದ ಬಳಗ. ಕಚ್ಚಿಸಿಕೊಂಡವರ ಬಿಪಿ ಒಮ್ಮೆಲೇ ಕುಸಿಯುತ್ತದೆ. 1948ರಲ್ಲಿ ಅಲ್ಲಿನ ರೋಚಾ ಇ ಸಿಲ್ವಾ ಮತ್ತು ಸಂಗಡಿಗರು ಈ ವಿಷವನ್ನು ಪರೀಕ್ಷಿಸುತ್ತ, ರಕ್ತನಾಳವನ್ನು ಸಡಿಲಿಸುವ ಬ್ರಾಡಿಕೈನಿನ್ ಎಂಬ ವಸ್ತುವನ್ನು ಪತ್ತೆ ಮಾಡಿದರು. ಅವರ ಶಿಷ್ಯ ಸೆರ್ಜಿಯೊ ಫೆರೇರಾ 1965ರಲ್ಲಿ, ಬ್ರಾಡಿಕೈನಿನ್ ಬೇಗ ನಾಶವಾಗದಂತೆ ಕಾಯುವ ಅಂಶವೂ ವಿಷದಲ್ಲಿದೆ ಎಂದು ತೋರಿಸಿ, ಅದನ್ನು ಲಂಡನ್ನಿನ ಜಾನ್ ವೇನ್ ಅವರ ಪ್ರಯೋಗಾಲಯಕ್ಕೆ ಒಯ್ದ. ಅಲ್ಲಿದ್ದ ಭಾರತ ಮೂಲದ ಬಖಲೆ ಎಂಬ ವಿಜ್ಞಾನಿ, ಈ ವಿಷ ಎಸಿಇ ಎಂಬ ಕಿಣ್ವವನ್ನು ತಡೆಯುತ್ತದೆ ಎಂದು ಕಂಡುಕೊಂಡರು. ನಮ್ಮ ಮೈಯಲ್ಲಿ ಎಸಿಇಗೆ ಎರಡು ಕೆಲಸ: ರಕ್ತನಾಳವನ್ನು ಬಿಗಿಯುವ ಆಂಜಿಯೊಟೆನ್ಸಿನ್ ತಯಾರಿಸುವುದು, ಸಡಿಲಿಸುವ ಬ್ರಾಡಿಕೈನಿನ್ನನ್ನು ನಾಶಮಾಡುವುದು. ಎರಡೂ ಬಿಪಿ ಏರಿಸುವ ಕೆಲಸಗಳೇ. ಈ ಕಿಣ್ವದ ಕೈ ಕಟ್ಟಿದರೆ ಬಿಪಿ ಇಳಿಯಬೇಕು.

ಅಮೆರಿಕದ ಸ್ಕ್ವಿಬ್ ಕಂಪನಿಯ ಮಿಗೆಲ್ ಒಂಡೆಟ್ಟಿ, ಡೇವಿಡ್ ಕುಶ್ಮನ್ ಹಾವಿನ ವಿಷದಿಂದ ಒಂಬತ್ತು ಅಮೈನೊ ಆಮ್ಲಗಳ ಒಂದು ಸರವನ್ನು ಬೇರ್ಪಡಿಸಿದರು. ಅದಕ್ಕೆ ಟೆಪ್ರೊಟೈಡ್ ಎಂದು ಹೆಸರು. ಆ ಸರದ ಕೊನೆಯ ಮೂರು ಮಣಿಗಳು ಯಾವುವು ಗೊತ್ತೆ? ಐಸೊಲ್ಯೂಸಿನ್, ಪ್ರೋಲಿನ್, ಪ್ರೋಲಿನ್. ಜಪಾನಿಗಳು ಮುಂದೆ ಹುಳಿ ಹಾಲಿನಲ್ಲಿ ಹೆಕ್ಕಿದ ಐಪಿಪಿಯೇ ಅದು! ಬ್ರೆಜಿಲಿನ ಕಾಡುಹಾವು ಬೇಟೆ ಕೆಡಹುವುದಕ್ಕೆ ಇಟ್ಟುಕೊಂಡ ವಿಷದ ತುದಿಯೂ, ಮಂಗೋಲಿಯದವರ ಮಡಕೆಯ ಹೆಪ್ಪು ಹಾಲಿನಿಂದ ಕೊಚ್ಚಿ ಬಿಸಾಡಿದ ತುಣುಕೂ ಒಂದೇ. ಇದನ್ನು ಮೊದಲು ಓದಿದಾಗ ನಾನು ಎರಡು ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಅಕ್ಷರ ಅಕ್ಷರ ತಾಳೆ ನೋಡಿದೆ. ಪವಾಡವೇನೂ ಇಲ್ಲ ಎನ್ನಿ. ಎಸಿಇ ಕಿಣ್ವ ಪ್ರೋಲಿನ್ ತುದಿಯನ್ನು ಹಿಡಿದುಕೊಳ್ಳುತ್ತದೆ, ಆದರೆ ಕತ್ತರಿಸಲಾರದೆ ಒದ್ದಾಡುತ್ತದೆ. ಅದನ್ನು ತಡೆಯಬಲ್ಲ ವಸ್ತು ಎಲ್ಲೇ ಹುಟ್ಟಿದರೂ ಅದರ ತುದಿ ಹೆಚ್ಚುಕಡಿಮೆ ಹೀಗೇ ಇರಬೇಕಾಗುತ್ತದೆ.

ಇಲ್ಲಿಂದ ದಾರಿ ಎರಡಾಗುತ್ತದೆ. ಈ ಬರಹ ನಾನು ಬರೆಯುತ್ತಿರುವುದೇ ಆ ಕವಲಿಗಾಗಿ. ಸ್ಕ್ವಿಬ್‌ನವರಿಗೆ ಟೆಪ್ರೊಟೈಡ್ ಸಾಲಲಿಲ್ಲ. ಅದನ್ನು ಸೂಜಿಯಲ್ಲಿ ಕೊಡಬೇಕು, ಬಾಯಲ್ಲಿ ಕೊಟ್ಟರೆ ಆಗದು. ಅವರು ಸರದ ಮಣಿಗಳನ್ನು ಒಂದೊಂದಾಗಿ ಕಳಚಿದರು, ಬದಲಿಸಿದರು, ಕೊನೆಗೆ ಒಂದೇ ಒಂದು ಪ್ರೋಲಿನ್ ಉಳಿಸಿಕೊಂಡು, ಕಿಣ್ವದೊಳಗಿನ ಸತುವನ್ನು ಬಿಗಿಯಾಗಿ ಹಿಡಿಯಲಿ ಎಂದು ಗಂಧಕದ ಒಂದು ಕೊಂಡಿಯನ್ನು ಅದಕ್ಕೆ ಸೇರಿಸಿದರು. ಅದೇ ಕ್ಯಾಪ್ಟೊಪ್ರಿಲ್. ಅಮೆರಿಕದಲ್ಲಿ 1981ರಲ್ಲಿ ಅನುಮತಿ ಸಿಕ್ಕಿತು. ನಮ್ಮ ಕಪಾಟಿನ ಮಾತ್ರೆಯ ವಾಸನೆ ಆ ಗಂಧಕದ್ದು. ಅದರ ಹಿಂದೆಯೇ ಎನಾಲಪ್ರಿಲ್ ಮತ್ತದರ ತಮ್ಮಂದಿರು ಬಂದವು. ಹೊಸದಾಗಿ ಎನಾಲಪ್ರಿಲ್ ಶುರುಮಾಡಿದ ಕೆಲವರು ಸ್ವಲ್ಪ ದಿನಕ್ಕೆ ಒಣಕೆಮ್ಮಿನ ಸಿರಪ್ ಕೇಳಿಕೊಂಡು ಬರುತ್ತಿದ್ದರು. “ಸಿರಪ್ ಬೇಡ, ಮಾತ್ರೆ ಬರೆದ ಡಾಕ್ಟರ ಹತ್ತಿರ ಹೋಗಿ” ಎಂದು ಕಳಿಸುವುದನ್ನು ನಾನು ಬೇಗ ಕಲಿತೆ. ಬ್ರಾಡಿಕೈನಿನ್ ನಾಶವಾಗದೆ ಉಳಿಯುವುದರಿಂದಲೇ ಆ ಕೆಮ್ಮು ಎನ್ನುತ್ತಾರೆ.

ಕ್ಯಾಲ್ಪಿಸ್ ಕಂಪನಿ ಇದಕ್ಕೆ ತಿರುಗಾಮುರುಗಾ. ಅದು ಹಾಲಿನ ಕಂಪನಿ, ಅದರ ವಸ್ತು ಆಹಾರವಾಗಿಯೇ ಉಳಿಯಬೇಕಿತ್ತು. ಐಪಿಪಿಯನ್ನು ತಿದ್ದಿ ತೀಡಿ ಚೂಪು ಮಾಡುವ ಹಾಗಿರಲಿಲ್ಲ. ಮಡಕೆ ಕೊಟ್ಟಷ್ಟೇ ಬಲ. ಪ್ರಯೋಗಾಲಯದಲ್ಲಿ ಎಸಿಇಯನ್ನು ಅರ್ಧಕ್ಕೆ ತಡೆಯಲು ಎಷ್ಟು ಬೇಕೆಂದು ಅಳೆದರೆ, ಕ್ಯಾಪ್ಟೊಪ್ರಿಲ್‌ಗಿಂತ ಐಪಿಪಿ ಸುಮಾರು ಇನ್ನೂರು ಪಟ್ಟು ಹೆಚ್ಚು ಬೇಕು. ಅದರ ಮೇಲೆ, ಕುಡಿದದ್ದರಲ್ಲಿ ರಕ್ತಕ್ಕೆ ಸೇರುವ ಪಾಲು ತೀರಾ ಚಿಕ್ಕದು.

ಆದರೂ ಮೊದಲ ಫಲಿತಾಂಶ ನೋಡಿದವರು ಹಿಗ್ಗಿದ್ದರಲ್ಲಿ ತಪ್ಪಿಲ್ಲ. 1996ರಲ್ಲಿ ಜಪಾನಿನಲ್ಲಿ ಬಿಪಿ ಇದ್ದ ಸುಮಾರು 30 ಹಿರಿಯರ ಪೈಕಿ ಒಂದು ಗುಂಪಿಗೆ ದಿನಕ್ಕೆ 95 ಮಿಲಿಲೀಟರ್ ಹುಳಿ ಹಾಲು ಕೊಟ್ಟರು. ಇನ್ನೊಂದು ಗುಂಪಿಗೆ ಆಮ್ಲ ಹಾಕಿ ಹುಳಿ ಮಾಡಿದ, ಆದರೆ ಹುದುಗಿಸದ ಹಾಲು. ಎಂಟು ವಾರಕ್ಕೆ ಮೊದಲ ಗುಂಪಿನವರ ಮೇಲಿನ ಬಿಪಿ ಸರಾಸರಿ 14 ಅಂಕ ಇಳಿದಿತ್ತು. ಕೆಲವು ಮಾತ್ರೆಗಳೂ ಅಷ್ಟು ಇಳಿಸುವುದಿಲ್ಲ. ಜಪಾನ್ ಸರ್ಕಾರ 1991ರಿಂದ ಪುರಾವೆ ನೋಡಿ ಕೆಲವು ಆಹಾರಗಳಿಗೆ ಆರೋಗ್ಯದ ಮುದ್ರೆ ಕೊಡುವ ಕ್ರಮ ತಂದಿತ್ತು. 1997ರಲ್ಲಿ ಆ ಮುದ್ರೆಯೊಂದಿಗೆ, ‘ಬಿಪಿ ಸ್ವಲ್ಪ ಹೆಚ್ಚಿರುವವರಿಗೆ’ ಎಂಬ ಒಕ್ಕಣೆ ಹೊತ್ತು ‘ಅಮೀಲ್ ಎಸ್’ ಎಂಬ ಹಾಲು ಅಂಗಡಿಗೆ ಬಂತು. ಅದರಲ್ಲಿ ನನಗೆ ಮೆಚ್ಚಿಗೆಯಾದದ್ದು ‘ಸ್ವಲ್ಪ’ ಎಂಬ ಪದ ಇಟ್ಟ ಪ್ರಾಮಾಣಿಕತೆ.

ಫಿನ್‌ಲೆಂಡಿನ ವಾಲಿಯೊ ಡೇರಿಯೂ ಇದೇ ಹಾದಿ ಹಿಡಿಯಿತು. ನೊಬೆಲ್ ಪಡೆದ ಎ. ಐ. ವಿರ್ಟಾನೆನ್ ದುಡಿದ ಹಾಲು ಒಕ್ಕೂಟ ಅದು. ಅವರೂ ಹೆಲ್ವೆಟಿಕಸ್‌ನ ತಮ್ಮದೇ ತಳಿಯಿಂದ ‘ಇವೊಲಸ್’ ಎಂಬ ಹಾಲು ತಯಾರಿಸಿದರು. 2003ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ 39 ಜನ, 21 ವಾರ, ದಿನಕ್ಕೆ 150 ಮಿಲಿಲೀಟರ್. ಬರೀ ಹುಳಿ ಹಾಲು ಕುಡಿದವರಿಗಿಂತ ಮೇಲಿನ ಬಿಪಿ ಸುಮಾರು 7 ಅಂಕ ಕಡಿಮೆ. 14 ಇದ್ದದ್ದು 7 ಆಯಿತು. 2008ರಲ್ಲಿ ನೆದರ್ಲೆಂಡ್ಸ್‌ನಲ್ಲಿ 135 ಜನರಿಗೆ ಈ ತುಣುಕುಗಳನ್ನು ಕೊಟ್ಟು ನೋಡಿದಾಗ ಏನೂ ಇಳಿಯಲಿಲ್ಲ. 2011ರಲ್ಲಿ ಇಟಲಿಯ ಚಿಚೆರೊ ಮತ್ತಿತರರು ಅಲ್ಲಿಯವರೆಗಿನ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿದರು. ಏಷ್ಯದವರಲ್ಲಿ ಸುಮಾರು 7 ಅಂಕ, ಯುರೋಪಿನ ಕಡೆಯವರಲ್ಲಿ ಒಂದು ಅಂಕದ ಆಸುಪಾಸು. ಅದೇ ವರ್ಷ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ, ಈ ತುಣುಕುಗಳಿಗೂ ಬಿಪಿಗೂ ಕಾರಣ-ಕಾರ್ಯದ ನಂಟು ಸಾಬೀತಾಗಿಲ್ಲ ಎಂದು ತೀರ್ಪು ಕೊಟ್ಟಿತು.

ಜೀವಂತ ಸೂಕ್ಷ್ಮಜೀವಿಗಳ ಕಡೆಯಿಂದ ನೋಡಿದವರಿಗೂ ಸಿಕ್ಕಿದ್ದು ಸಣ್ಣ ಮೊತ್ತವೇ. ಆಸ್ಟ್ರೇಲಿಯದ ಗ್ರಿಫಿತ್ ವಿಶ್ವವಿದ್ಯಾಲಯದವರು 2014ರಲ್ಲಿ 9 ಪ್ರಯೋಗಗಳ 543 ಜನರ ಲೆಕ್ಕ ಕೂಡಿಸಿದಾಗ ಮೇಲಿನ ಬಿಪಿ ಮೂರೂವರೆ ಅಂಕ, ಕೆಳಗಿನದು ಎರಡೂ ಕಾಲು ಅಂಕ ಚಿಲ್ಲರೆ ಇಳಿದಿತ್ತು. ಎಂಟು ವಾರ ಬಿಡದೆ, ದಿನಕ್ಕೆ ಹತ್ತು ಸಾವಿರ ಕೋಟಿಗೂ ಮೇಲ್ಪಟ್ಟ ಜೀವಿಗಳನ್ನು, ಒಂದಕ್ಕಿಂತ ಹೆಚ್ಚು ಜಾತಿ ಬೆರೆಸಿ ತಿಂದವರಲ್ಲಿ ಪರಿಣಾಮ ಚೆನ್ನಾಗಿತ್ತು.

ನನ್ನ ಅಭಿಪ್ರಾಯ ಕೇಳಿದರೆ, ಇದರಲ್ಲಿ ಮೋಸವೂ ಇಲ್ಲ, ಸೋಲೂ ಇಲ್ಲ. ಇಡೀ ಊರಿನ ಬಿಪಿ ಮೂರು ಅಂಕ ಇಳಿದರೆ ಎಷ್ಟೋ ಪಾರ್ಶ್ವವಾಯು ತಪ್ಪುತ್ತದೆ. ಆದರೆ 170 ಇದ್ದ ಒಬ್ಬರಿಗೆ ಮೂರು ಅಂಕ ಇಳಿದು ಪ್ರಯೋಜನವೇನು? ಹಾವಿನ ಕಡೆಯಿಂದ ಹೋದ ದಾರಿ ಮೂಲ ವಸ್ತುವನ್ನು ಗುರುತೇ ಸಿಗದಂತೆ ಬದಲಿಸಿ ಔಷಧಿ ಮಾಡಿತು. ಹಾಲಿನ ಕಡೆಯ ದಾರಿ ಮೂಲವನ್ನು ಹಾಗೇ ಉಳಿಸಿ ಆಹಾರವಾಗಿಯೇ ನಿಂತಿತು. ಎರಡಕ್ಕೂ ತುದಿ ಒಂದೇ ಎಂದು ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕುವುದು ಮೊಬೈಲ್ ಸುದ್ದಿಯ ತಪ್ಪು.

ಫಿನ್‌ಲೆಂಡಿನ ಬಿಪಿಯನ್ನು ನಿಜವಾಗಿ ಇಳಿಸಿದ್ದು ಇವೊಲಸ್ ಹಾಲಂತೂ ಅಲ್ಲ. 1972ರಲ್ಲಿ ಪೆಕ್ಕಾ ಪುಸ್ಕಾ ಎಂಬ ಎಳೆಯ ವೈದ್ಯರ ಮುಂದಾಳುತನದಲ್ಲಿ ಉತ್ತರ ಕರೇಲಿಯದ ಹಳ್ಳಿಗಳಲ್ಲಿ ಶುರುವಾದ ಕೆಲಸ ಅದು. ಬೆಣ್ಣೆ ಕಡಿಮೆ ಮಾಡಿ, ಉಪ್ಪು ಕಡಿಮೆ ಮಾಡಿ, ಬೀಡಿ ಸಿಗರೇಟು ಬಿಡಿ ಎಂದು ಮನೆ ಮನೆಗೆ ಹೋದರು, ಬ್ರೆಡ್ಡು ಸಾಸೇಜು ಮಾಡುವವರನ್ನೂ ಒಪ್ಪಿಸಿದರು. ದೇಶದಲ್ಲಿ ದಿನದ ಉಪ್ಪು ಸುಮಾರು 12 ಗ್ರಾಮಿನಿಂದ 9ಕ್ಕೆ ಇಳಿಯಲು ಎರಡು ದಶಕಕ್ಕೂ ಹೆಚ್ಚು ಹಿಡಿಯಿತು. ಬಿಪಿ ಇಳಿಯಿತು, ಹೃದಯಾಘಾತವೂ ಇಳಿಯಿತು. ಜಪಾನಿನ ಅಕಿತಾದಲ್ಲೂ ಇಂಥದೇ ಉಪ್ಪಿನ ಹೋರಾಟ ನಡೆಯಿತು, ಪಾರ್ಶ್ವವಾಯು ಹಿಮ್ಮೆಟ್ಟಿತು. ಇಂಥ ಕೆಲಸಕ್ಕೆ ಪೇಟೆಂಟ್ ಸಿಗುವುದಿಲ್ಲ, ಜಾಹೀರಾತೂ ಬರುವುದಿಲ್ಲ.

ನಮ್ಮ ಮಜ್ಜಿಗೆಯ ವಿಷಯಕ್ಕೆ ಬಂದರೆ, ಅದರ ಹೆಪ್ಪೇ ಬೇರೆ. ಮನೆಯ ಮೊಸರಿನಲ್ಲಿ ಸಾಮಾನ್ಯವಾಗಿ ಇರುವುದು ಲ್ಯಾಕ್ಟೊಕಾಕಸ್, ಸ್ಟ್ರೆಪ್ಟೊಕಾಕಸ್ ಥರ್ಮೊಫೈಲಸ್, ಲ್ಯಾಕ್ಟೊಬ್ಯಾಸಿಲಸ್ ಡೆಲ್‌ಬ್ರುಯೆಕಿ ಬಳಗ. ರಾತ್ರಿ ಹೆಪ್ಪಿಟ್ಟು ಬೆಳಿಗ್ಗೆ ತೆಗೆಯುತ್ತೇವೆ. ಅಳತೆಯ ಐಪಿಪಿಗಾಗಿ ಒಂದೇ ತಳಿಯನ್ನು ಆರಿಸಿ, ಹದ ನೋಡಿ ಕಂಪನಿಯವರು ಹುಳಿ ಬರಿಸುವ ಹಾಲಿಗೂ ನಮ್ಮ ಪಕ್ಕದ ಮನೆಯಿಂದ ಲೋಟದಲ್ಲಿ ಕಡ ತಂದ ಹೆಪ್ಪಿಗೂ ಲೆಕ್ಕ ಹೊಂದುವುದಿಲ್ಲ. ಹಾಗಂತ ಮಜ್ಜಿಗೆಯನ್ನು ಹಗುರ ಮಾಡುತ್ತಿಲ್ಲ. ಅದರಲ್ಲಿ ಕ್ಯಾಲ್ಸಿಯಂ ಇದೆ, ಪೊಟ್ಯಾಸಿಯಂ ಇದೆ, ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ. ಬೇಸಿಗೆಯಲ್ಲಿ ಅದಕ್ಕಿಂತ ಒಳ್ಳೆಯ ಪಾನೀಯವನ್ನು ನಾನು ಕಾಣೆ.

ಕಷ್ಟ ಇರುವುದು ನಾವು ಅದಕ್ಕೆ ಹಾಕುವ ಉಪ್ಪಿನಲ್ಲಿ. ಒಂದು ಲೋಟಕ್ಕೆ ಅರ್ಧ ಟೀ ಚಮಚ ಉಪ್ಪು ಬಿದ್ದರೆ ದಿನದ ಮಿತಿಯ ಅರ್ಧ ಅಲ್ಲೇ ಮುಗಿಯಿತು. ಜೊತೆಗೆ ನೆಂಚಿಕೊಳ್ಳಲು ಮಾವಿನಕಾಯಿ ಉಪ್ಪಿನಕಾಯಿ, ಉಪ್ಪಿನಲ್ಲಿ ನೆನೆಸಿ ಕರಿದ ಮಜ್ಜಿಗೆ ಮೆಣಸಿನಕಾಯಿ. ಅಕಿತಾ ಊಟದ ತಟ್ಟೆಗೂ ನಮ್ಮದಕ್ಕೂ ಆಗ ದೂರ ಬಹಳ ಉಳಿಯುವುದಿಲ್ಲ. ಆದ್ದರಿಂದ ಮಾತ್ರೆ ಚೀಟಿ ಹಿಡಿದು ಬರುವವರಿಗೆ ಈಗ ನಾನು ಹೇಳುವುದಿಷ್ಟು: ಮಜ್ಜಿಗೆ ಧಾರಾಳವಾಗಿ ಕುಡಿಯಿರಿ, ಉಪ್ಪಿನ ಬದಲು ಜೀರಿಗೆ, ಶುಂಠಿ, ಕರಿಬೇವು ಹಾಕಿ. ಪ್ಯಾಕೆಟ್ ಮಸಾಲೆ ಮಜ್ಜಿಗೆ ಕೊಳ್ಳುವಾಗ ಹಿಂಬದಿಯಲ್ಲಿ ಸೋಡಿಯಂ ಎಷ್ಟೆಂದು ಓದಿ. ಮೂತ್ರಪಿಂಡದ ತೊಂದರೆ ಇದ್ದವರು ಡಾಕ್ಟರನ್ನು ಕೇಳಿ ಕುಡಿಯಿರಿ. ಬಿಪಿ ನಿಜಕ್ಕೂ ಇಳಿದಿದೆ ಅನ್ನಿಸಿದರೆ ಅಳೆಸಿಕೊಂಡು ಆ ಚೀಟಿಯೊಂದಿಗೆ ಡಾಕ್ಟರ ಹತ್ತಿರ ಹೋಗಿ, ಮಾತ್ರೆ ಕಡಿಮೆ ಮಾಡಬೇಕೋ ಬೇಡವೋ ಅವರೇ ಹೇಳುತ್ತಾರೆ. ಅಲ್ಲಿಯವರೆಗೆ ಒಂದು ಹೊತ್ತೂ ತಪ್ಪಿಸಬೇಡಿ.